ನಿಲ್ಲಿಸಿದ್ದ ಬೈಕಿಗೆ ಯಾರೋ ಗುದ್ದಿ ಹೋದರು: ಇನ್ಶೂರೆನ್ಸ್ ಕ್ಲೇಮ್ ಮಾಡಬೇಕಾ, ಬೇಡವಾ?

ಪ್ರಶ್ನೆ: ನಾನು ದಾವಣಗೆರೆಯವನು. ನನ್ನ 350 ಸಿಸಿ ಬೈಕ್ ತಗೊಂಡು 3 ವರ್ಷ 4 ತಿಂಗಳಾಯಿತು. ಮೊನ್ನೆ ರಾತ್ರಿ ಮನೆ ಮುಂದೆ ಸೈಡ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಲಾಕ್ ಮಾಡಿ ನಿಲ್ಲಿಸಿದ್ದೆ. ಬೆಳಿಗ್ಗೆ ನೋಡಿದರೆ ಗಾಡಿ ಎಡಕ್ಕೆ ಬಿದ್ದಿತ್ತು. ಎದುರಿನ ಅಂಗಡಿಯ ಸಿಸಿಟಿವಿಯಲ್ಲಿ ಒಂದು ಗೂಡ್ಸ್ ಗಾಡಿ ರಿವರ್ಸ್ ಬಂದು ಗುದ್ದಿದ್ದು ಕಾಣುತ್ತದೆ. ನಂಬರ್ ಮಾತ್ರ ಕಾಣುವುದಿಲ್ಲ. ಶೋರೂಮಿನವರು 10,400 ರೂ. ಎಸ್ಟಿಮೇಟ್ ಕೊಟ್ಟಿದ್ದಾರೆ. ಪಕ್ಕದ ಬೀದಿಯ ಮೆಕ್ಯಾನಿಕ್ 4,800ಕ್ಕೆ ಎಲ್ಲ ಸರಿ ಮಾಡಿಕೊಡುತ್ತೇನೆ ಎನ್ನುತ್ತಾರೆ. ಇದುವರೆಗೆ ಒಂದು ಕ್ಲೇಮೂ ಮಾಡಿಲ್ಲ. ಈಗ 35% ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇದೆ. ತಪ್ಪು ನನ್ನದಲ್ಲ, ಆದರೂ ಕ್ಲೇಮ್ ಮಾಡಿದರೆ ಬೋನಸ್ ಹೋಗುತ್ತದೆಯಂತೆ. ಏನು ಮಾಡಲಿ? ಪಾಲಿಸಿ ಮತ್ತು ಎಸ್ಟಿಮೇಟ್ ಪ್ರತಿ ಜೊತೆಗಿಟ್ಟಿದ್ದೇನೆ.

ಉತ್ತರ: ಬೆಳಿಗ್ಗೆ ಬಾಗಿಲು ತೆಗೆದಾಗ ಗಾಡಿ ಮಲಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗುದ್ದಿದವನು ಇಳಿದು ಎತ್ತಿ ನಿಲ್ಲಿಸುವ ಸೌಜನ್ಯವನ್ನೂ ತೋರಿಸಲಿಲ್ಲ ಎನ್ನುವುದು ಇನ್ನೂ ಬೇಜಾರು. ವಾಹನಗಳ ನಷ್ಟ ಅಂದಾಜು ಮಾಡುವ ಸರ್ವೇಯರ್ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ನಿಲ್ಲಿಸಿದ್ದ ಗಾಡಿಗೆ ಆದ ಏಟಿನ ಕೇಸುಗಳನ್ನು ನೂರಾರು ನೋಡಿದ್ದೇನೆ. ಅದರಲ್ಲಿ ಜಾಸ್ತಿ ಜನ ತಪ್ಪುವುದು ಒಂದೇ ಕಡೆ. 10,400ರ ಎಸ್ಟಿಮೇಟ್ ಕೈಗೆ ಬಂದ ಕೂಡಲೇ, ಕ್ಲೇಮ್ ಮಾಡಿದರೆ 10,400 ಸಿಗುತ್ತದೆ, ಮಾಡದಿದ್ದರೆ 10,400 ಹೋಗುತ್ತದೆ ಅಂದುಕೊಳ್ಳುತ್ತಾರೆ. ಎರಡೂ ನಿಜವಲ್ಲ. ಕ್ಲೇಮ್ ಮಾಡಿದ ಮೇಲೂ ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ, ಕ್ಲೇಮ್ ಮಾಡದೆ ಹೊರಗೆ ರಿಪೇರಿ ಮಾಡಿಸಿದರೆ ಎಷ್ಟು ಹೋಗುತ್ತದೆ, ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲು ಪಾಲಿಸಿ. ನಿಮ್ಮದರಲ್ಲಿ ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೇ ಆದ ಹಾನಿ ತುಂಬಿಕೊಡುವ ಭಾಗ ಚಾಲ್ತಿಯಲ್ಲಿದೆ, ಒಳ್ಳೆಯದು. ಎಷ್ಟೋ ಜನರಿಗೆ ಇದೇ ಇರುವುದಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯವಾಯಿತು. ಅದರ ಜೊತೆ ಕೊಡುವ ಓನ್ ಡ್ಯಾಮೇಜ್ ಬಹಳ ಸಲ 1 ವರ್ಷಕ್ಕೆ ಮಾತ್ರ. ಗಾಡಿ ತಗೊಂಡವರು ‘ನಂದು 5 ವರ್ಷದ ಇನ್ಶೂರೆನ್ಸ್’ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಎರಡನೇ ವರ್ಷ ಗಾಡಿಗೆ ಏಟು ಬಿದ್ದಾಗ, ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ ರಕ್ಷಣೆ ಇದೆ, ತಮ್ಮ ಗಾಡಿಗೆ ಇಲ್ಲ ಎಂದು ಗೊತ್ತಾಗುತ್ತದೆ. ನೀವು ಪ್ರತಿ ವರ್ಷ ನೆನಪಿಟ್ಟು ಕಟ್ಟಿದ್ದೀರಿ. ಅದಕ್ಕೇ ಈಗ ಯೋಚನೆ ಮಾಡಲು ಒಂದು ದಾರಿಯಾದರೂ ಇದೆ.

ಗಾಡಿ ನಿಂತಿದ್ದಾಗ ಆದ ಏಟಿಗೆ ಕ್ಲೇಮ್ ಸಿಗುತ್ತದಾ? ಖಂಡಿತ ಸಿಗುತ್ತದೆ. ಹೊರಗಿನ ಕಾರಣದಿಂದ ಆಕಸ್ಮಿಕವಾಗಿ ಆದ ಹಾನಿ ಎನ್ನುವ ಸಾಲಿನಲ್ಲೇ ಇದು ಬರುತ್ತದೆ. ಗಾಡಿ ಓಡುತ್ತಿರಲೇಬೇಕು ಎಂದು ಪಾಲಿಸಿ ಎಲ್ಲೂ ಹೇಳುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೆಲವು ಗ್ಯಾರೇಜುಗಳಲ್ಲಿ ‘ನಿಲ್ಲಿಸಿದ್ದೆ ಅಂತ ಬರೀಬೇಡಿ ಸರ್, ನಾಯಿ ಅಡ್ಡ ಬಂತು, ಬಿದ್ದೆ ಅಂತ ಬರೀರಿ, ಬೇಗ ಪಾಸಾಗುತ್ತೆ’ ಎಂದು ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಓಡುತ್ತಾ ಬಿದ್ದ ಗಾಡಿಗೆ ರಸ್ತೆಗೆ ಉಜ್ಜಿದ ಗೀರುಗಳು ಒಂದೇ ದಿಕ್ಕಿನಲ್ಲಿ ಉದ್ದಕ್ಕೆ ಇರುತ್ತವೆ. ನಿಂತಲ್ಲೇ ಬಿದ್ದ ಗಾಡಿಗೆ ಒಂದೇ ಜಾಗದಲ್ಲಿ ಜಜ್ಜಿದ ಗುರುತು ಇರುತ್ತದೆ. ಸರ್ವೇಯರ್‌ಗೆ ನೋಡಿದ ಕೂಡಲೇ ತಿಳಿಯುತ್ತದೆ. ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ, ನ್ಯಾಯವಾಗಿ ಸಿಗಬೇಕಾದ ಕ್ಲೇಮ್ ಕೂಡ ತಿರಸ್ಕಾರವಾಗಬಹುದು. ನಿಮ್ಮ ಹತ್ತಿರ ಸಿಸಿಟಿವಿ ದೃಶ್ಯ ಇದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು. ಆ ದೃಶ್ಯವನ್ನು ಇವತ್ತೇ ಫೋನಿಗೆ ಹಾಕಿಸಿಕೊಳ್ಳಿ. ಬಹಳಷ್ಟು ಅಂಗಡಿ ಕ್ಯಾಮೆರಾಗಳು ಕೆಲವು ದಿನಗಳಾದ ಮೇಲೆ ಹಳೆಯದರ ಮೇಲೇ ಹೊಸದನ್ನು ಬರೆದುಬಿಡುತ್ತವೆ.

ಈಗ ನಿಮ್ಮ ಎಸ್ಟಿಮೇಟ್ ತೆಗೆದುಕೊಳ್ಳೋಣ. ಸರ್ವೇಯರ್ ಪೆನ್ಸಿಲ್ ಹಿಡಿದು ಕೂತಾಗ ಏನಾಗುತ್ತದೆ ಎಂದು ಸಾಲು ಸಾಲಾಗಿ ತೋರಿಸುತ್ತೇನೆ.

ಮೊದಲ ಸಾಲು ಹ್ಯಾಂಡಲ್ ಬಾರ್, 1,400 ರೂ. ಲೋಹದ ಬಿಡಿಭಾಗ. ಲೋಹಕ್ಕೆ ಗಾಡಿಯ ವಯಸ್ಸಿನ ಮೇಲೆ ಸವಕಳಿ, ಅಂದರೆ ಹಳೆಯದಾದದ್ದಕ್ಕೆ ಬೆಲೆಯಲ್ಲಿ ಒಂದು ಪಾಲು, ಕಳೆಯುತ್ತಾರೆ. ಮೊದಲ 6 ತಿಂಗಳು ಏನೂ ಇಲ್ಲ, 1 ವರ್ಷದವರೆಗೆ 5%, 2 ವರ್ಷದವರೆಗೆ 10%, 3 ವರ್ಷದವರೆಗೆ 15%. 3 ದಾಟಿ 4ರೊಳಗೆ ಇದ್ದರೆ ಒಂದೇ ಸಲ 25%. ನಿಮ್ಮ ಗಾಡಿ 3 ವರ್ಷ ದಾಟಿ 4 ತಿಂಗಳಾಗಿದೆ, ಹಾಗಾಗಿ 25% ಹೋಗುತ್ತದೆ. ಉಳಿಯುವುದು 1,050. ಕ್ಲಚ್ ಲಿವರ್ ಮತ್ತು ಫುಟ್ ರೆಸ್ಟ್ ರಾಡ್ ಸೇರಿ 800, ಅದೂ ಲೋಹವೇ. ಸಿಗುವುದು 600. ಎರಡು ಇಂಡಿಕೇಟರ್ 700. ಇದು ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಬ್ಯಾಟರಿ, ಟೈರ್ ಇವಕ್ಕೆಲ್ಲ ವಯಸ್ಸು ನೋಡುವುದಿಲ್ಲ, ನೇರವಾಗಿ ಅರ್ಧ ಕಡಿತ. ಸಿಗುವುದು 350. ಕನ್ನಡಿ 500. ಇಡೀ ಕನ್ನಡಿಯನ್ನು ಪ್ಲಾಸ್ಟಿಕ್ ಎಂದೇ ಲೆಕ್ಕ ಹಾಕುತ್ತಾರೆ ಅಂದುಕೊಳ್ಳಿ, 250.

ಟ್ಯಾಂಕಿನ ಡೆಂಟ್ ತೆಗೆಯುವ ಟಿಂಕರಿಂಗ್ ಕೆಲಸ 1,500. ಇದು ಕೂಲಿ. ಕೂಲಿಗೆ ಸವಕಳಿ ಇಲ್ಲ, ಪೂರ್ತಿ ಸಿಗುತ್ತದೆ. ಟ್ಯಾಂಕ್ ಪೇಂಟಿಂಗ್ 2,000. ಪೇಂಟಿನಲ್ಲಿ ಒಂದು ಚಿಕ್ಕ ಲೆಕ್ಕ ಇದೆ. ಒಟ್ಟು ಬಿಲ್ಲಿನ 25% ಬಣ್ಣದ ಸಾಮಾನು ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಅಂದರೆ 500ರಲ್ಲಿ 250 ಹೋಗಿ, ಸಿಗುವುದು 1,750. ಬಿಡಿಭಾಗ ಜೋಡಿಸುವ ಕೂಲಿ 1,000, ಪೂರ್ತಿ. ಕೊನೆಯ ಸಾಲು ಕ್ರ್ಯಾಶ್ ಗಾರ್ಡ್, 2,500. ಇದನ್ನು ನೀವು ಆಮೇಲೆ ಹೊರಗೆ ಹಾಕಿಸಿದ್ದು ಎಂದು ಕಾಣುತ್ತದೆ. ಪಾಲಿಸಿಯಲ್ಲಿ ಆಕ್ಸೆಸರಿ ಕಾಲಂನಲ್ಲಿ ಸೊನ್ನೆ ಇದೆ. ಹೇಳದೆ ಹಾಕಿಸಿದ ಸಾಮಾನಿಗೆ ದುಡ್ಡು ಬರುವುದಿಲ್ಲ. ಇಡೀ 2,500 ಹೋಯಿತು.

ಕೂಡಿಸಿ ನೋಡಿ, 6,500. ಇಲ್ಲಿಗೂ ಮುಗಿಯಲಿಲ್ಲ. ದ್ವಿಚಕ್ರ ವಾಹನಕ್ಕೆ ಪ್ರತಿ ಕ್ಲೇಮಿನಲ್ಲಿ 100 ರೂ. ಕಡ್ಡಾಯ ಕಡಿತ ಇದೆ. ಅದು ಸಣ್ಣದು, ಬಿಡಿ. ಆದರೆ ನಿಮ್ಮ ಪಾಲಿಸಿಯ ಎರಡನೇ ಪುಟದಲ್ಲಿ ‘ವಾಲಂಟರಿ ಡಿಡಕ್ಟಿಬಲ್ 1,000’ ಎಂದಿದೆ, ಅಂದರೆ ಪ್ರತಿ ಕ್ಲೇಮಿನಲ್ಲಿ ಅಷ್ಟನ್ನು ನೀವೇ ಹಾಕಿಕೊಳ್ಳಲು ಒಪ್ಪಿದ್ದೀರಿ. ನೋಡಿದ್ದೀರಾ? ಆನ್‌ಲೈನಿನಲ್ಲಿ ರಿನ್ಯೂ ಮಾಡುವಾಗ ಪ್ರೀಮಿಯಂ ಕಡಿಮೆ ಆಗುತ್ತದೆ ಎಂದು ಒಂದು ಟಿಕ್ ಹಾಕಿರುತ್ತೀರಿ. ಅದರಿಂದ ನಿಮಗೆ ಉಳಿದದ್ದು 125 ರೂ. ಈಗ ಕೊಡಬೇಕಾದದ್ದು 1,000 ರೂ. ಎರಡೂ ಕಡಿತ ಸೇರಿ 1,100. ಕೊನೆಗೆ ಕಂಪನಿ ಕೊಡುವುದು 5,400.

10,400ರ ಬಿಲ್ಲಿಗೆ 5,400. ಉಳಿದ 5,000 ಶೋರೂಮಿನ ಕೌಂಟರಿನಲ್ಲಿ ನೀವೇ ಕಟ್ಟಬೇಕು. ಗಾಡಿ ಬಿಡಿಸಿಕೊಳ್ಳಲು ಹೋದ ದಿನ ಜನ ಗಾಬರಿಯಾಗುವುದು ಇಲ್ಲಿಯೇ. ನನಗೆ ನೆನಪಿರುವ ಒಬ್ಬ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್. ಅವರ ಸ್ಕೂಟರ್ ಪಾರ್ಕಿಂಗಿನಲ್ಲಿ ಸಾಲಾಗಿ ಬಿದ್ದ ಗಾಡಿಗಳ ಕೆಳಗೆ ಸಿಕ್ಕಿತ್ತು. ಮುಂದಿನ ಏಪ್ರನ್, ಸೈಡ್ ಪ್ಯಾನೆಲ್, ಮಡ್‌ಗಾರ್ಡ್, ಎಲ್ಲ ಪ್ಲಾಸ್ಟಿಕ್. ಬಿಲ್ಲಿನಲ್ಲಿ ಅರ್ಧಕ್ಕರ್ಧ ಕಡಿತವಾಯಿತು. ‘ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿ ಬಂದಿದ್ದೆ ಸರ್, ಕೈಯಲ್ಲಿ ಬಸ್ಸಿನ ದುಡ್ಡು ಮಾತ್ರ ಇದೆ’ ಎಂದರು. ಅವತ್ತು ಅವರು ಗಾಡಿ ಬಿಟ್ಟು ಹೋಗಬೇಕಾಯಿತು. ಈ ಲೆಕ್ಕವನ್ನು ಯಾರಾದರೂ ಮೊದಲೇ ಕೂತು ಹೇಳಿದ್ದರೆ ಅವರು ಹೊರಗೆ ಬೇರೆ ರೀತಿ ಮಾಡಿಸುತ್ತಿದ್ದರು. ಸ್ಕೂಟರ್ ಇರುವವರು ಇದನ್ನು ವಿಶೇಷವಾಗಿ ಗಮನಿಸಿ. ಮೈಯೆಲ್ಲ ಪ್ಲಾಸ್ಟಿಕ್ ಇರುವ ಗಾಡಿಗೆ ಝೀರೋ ಡೆಪ್ರಿಸಿಯೇಷನ್ (ಸವಕಳಿ ಕಳೆಯದೆ ಹಣ ಕೊಡುವ, ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಆಡ್ ಆನ್ ರಕ್ಷಣೆ) ಇಲ್ಲದ ಪಾಲಿಸಿಯಲ್ಲಿ ಕ್ಲೇಮ್ ಹಣ ಬಹಳ ಕಡಿಮೆ ಬರುತ್ತದೆ. ನಿಮಗೆ ಆ ಆಡ್ ಆನ್ ಇದ್ದಿದ್ದರೆ 5,400ರ ಬದಲು 6,800 ಬರುತ್ತಿತ್ತು.

ಇನ್ನು ಬೋನಸ್. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ತಪ್ಪು ಮಾಡಿದವನು ಬೇರೆ, ಬೋನಸ್ ಹೋಗುವುದು ನಿಮ್ಮದು. ಆದರೆ ನಮ್ಮ ದೇಶದಲ್ಲಿ ನೋ ಕ್ಲೇಮ್ ಬೋನಸ್ ನೋಡುವುದು ತಪ್ಪು ಯಾರದು ಎಂದಲ್ಲ, ಆ ವರ್ಷ ನಿಮ್ಮ ಪಾಲಿಸಿಯಿಂದ ಓನ್ ಡ್ಯಾಮೇಜ್ ಹಣ ಹೋಯಿತಾ ಇಲ್ಲವಾ ಎಂದು. ಹೋದರೆ ಬೋನಸ್ ಸೊನ್ನೆ. ಮತ್ತೆ ಮೊದಲಿನಿಂದ 20, 25, 35, 45, 50 ಎಂದು ಮೆಟ್ಟಿಲು ಹತ್ತಬೇಕು. ಬೋನಸ್ ಕಾಪಾಡುವ ಆಡ್ ಆನ್ ಕೆಲವು ಕಂಪನಿಗಳಲ್ಲಿ ಇದೆ, ನಿಮ್ಮ ಪಾಲಿಸಿಯಲ್ಲಿ ಇಲ್ಲ.

ಹಾಗಾದರೆ ಈ ಬೋನಸ್ಸಿನ ಬೆಲೆ ಎಷ್ಟು? ಜನ ಇದನ್ನು ಇದ್ದದ್ದಕ್ಕಿಂತ ಜಾಸ್ತಿ ಅಂದುಕೊಳ್ಳುತ್ತಾರೆ. ಬೋನಸ್ ಇಡೀ ಪ್ರೀಮಿಯಂ ಮೇಲೆ ಬರುವುದಿಲ್ಲ, ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಥರ್ಡ್ ಪಾರ್ಟಿ ದರಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಪಾಲಿಸಿಯಲ್ಲಿ ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ 1,800 ರೂ. ಇದೆ. ಕ್ಲೇಮ್ ಮಾಡದಿದ್ದರೆ ಮುಂದಿನ ರಿನ್ಯೂವಲ್‌ನಲ್ಲಿ ನಿಮಗೆ 45%, ಆಮೇಲೆ ಪ್ರತಿ ವರ್ಷ 50%. ಕ್ಲೇಮ್ ಮಾಡಿದರೆ ಸೊನ್ನೆ, ಆಮೇಲೆ 20, 25, 35, 45. ಎರಡರ ವ್ಯತ್ಯಾಸ ತೆಗೆಯಿರಿ: ಮೊದಲ ವರ್ಷ 45, ಎರಡನೇ ವರ್ಷ 30, ಮೂರನೇ ವರ್ಷ 25, ನಾಲ್ಕನೇ ವರ್ಷ 15, ಐದನೇ ವರ್ಷ 5. ಕೂಡಿಸಿದರೆ 120%. ಅಂದರೆ 5 ವರ್ಷಗಳಲ್ಲಿ ಹಂಚಿಹೋಗುವ ಒಟ್ಟು ನಷ್ಟ, ನಿಮ್ಮ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಕಡಿಮೆ. 1,800ಕ್ಕೆ 2,160, ಅದರ ಮೇಲೆ 18% ಜಿಎಸ್‌ಟಿ ಸೇರಿಸಿ ಸುಮಾರು 2,550 ರೂ.

ಬೇರೆ ಬೋನಸ್ ಇರುವವರಿಗೂ ಇದೇ ಲೆಕ್ಕ ನಡೆಯುತ್ತದೆ. ಇನ್ನೂ ಮೊದಲ ವರ್ಷದಲ್ಲಿ ಇರುವವರಿಗೆ ಒಟ್ಟು ನಷ್ಟ 50%, ಈಗ 20ರಲ್ಲಿ ಇರುವವರಿಗೆ 80%, 25ರಲ್ಲಿ ಇರುವವರಿಗೆ 105%. 45 ಅಥವಾ 50 ತಲುಪಿದವರಿಗೆ 125%, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ನಿಮ್ಮ ಪಾಲಿಸಿಯಲ್ಲಿರುವ ಓನ್ ಡ್ಯಾಮೇಜ್ ಅಂಕಿಗೆ ಇದನ್ನು ಗುಣಿಸಿದರೆ ಬೋನಸ್ಸಿನ ಬೆಲೆ ಗೊತ್ತಾಗುತ್ತದೆ. ಗಾಡಿ ಹಳೆಯದಾದಂತೆ ಅದರ ವಿಮಾ ಮೌಲ್ಯ ಇಳಿಯುತ್ತದೆ, ಪ್ರೀಮಿಯಂ ಕೂಡ ಇಳಿಯುತ್ತದೆ. ಹಾಗಾಗಿ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರಬಹುದು. ಇನ್ನೊಂದು ಕಡೆ, ಓನ್ ಡ್ಯಾಮೇಜ್ ದರವನ್ನು 2007ರಿಂದ ಕಂಪನಿಗಳೇ ನಿಗದಿ ಮಾಡುತ್ತವೆ. ಕ್ಲೇಮ್ ಮಾಡಿದವರಿಗೆ ಬೋನಸ್ ಅಲ್ಲದೆ ಬೇರೆ ರಿಯಾಯಿತಿಯನ್ನೂ ಕಡಿಮೆ ಮಾಡುವ ಅಧಿಕಾರ ಅವಕ್ಕಿದೆ.

ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಇದು ಬಹಳ ಜನರಿಗೆ ಗೊತ್ತಿಲ್ಲ. ಈ ಬೈಕ್ ಮಾರಿ ಹೊಸ ಬೈಕ್ ತಗೊಂಡರೆ ಬೋನಸ್ ಪ್ರಮಾಣಪತ್ರ ಪಡೆದು ಅದಕ್ಕೆ ಹಾಕಿಸಿಕೊಳ್ಳಬಹುದು. ಪ್ರಮಾಣಪತ್ರ 3 ವರ್ಷ ನಡೆಯುತ್ತದೆ. ಹೊಸ ಗಾಡಿಗೆ ಓನ್ ಡ್ಯಾಮೇಜ್ ಪ್ರೀಮಿಯಂ ಜಾಸ್ತಿ, ಹಾಗಾಗಿ ಅದೇ 45% ಅಲ್ಲಿ ಹೆಚ್ಚು ರೂಪಾಯಿ ಉಳಿಸುತ್ತದೆ. ಬೈಕಿನ ಬೋನಸ್ ಕಾರಿಗೆ ಮಾತ್ರ ಬರುವುದಿಲ್ಲ. ಮುಂದಿನ ವರ್ಷ ಇನ್ನೊಂದು ಬೈಕ್ ತಗೊಳ್ಳುವ ಯೋಚನೆ ಇದ್ದರೆ ಬೋನಸ್ಸನ್ನು ಜೋಪಾನ ಮಾಡಿ. ಬೈಕ್ ಮಾರಿ ಕಾರಿಗೆ ಹೋಗುವವರಾದರೆ ಅದನ್ನು ಹಿಡಿದಿಟ್ಟುಕೊಂಡು ಸುಮ್ನೆ ಪ್ರಯೋಜನ ಇಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಡೋಣ. ಕ್ಲೇಮ್ ಮಾಡಿದರೆ ಶೋರೂಮಿನಲ್ಲಿ ನೀವು ಕಟ್ಟುವುದು 5,000, ಬೋನಸ್ ನಷ್ಟ 2,550, ಒಟ್ಟು 7,550. ಪಕ್ಕದ ಬೀದಿಯ ಮೆಕ್ಯಾನಿಕ್ ಹತ್ತಿರ ಮಾಡಿಸಿದರೆ 4,800. ಕ್ಲೇಮ್ ಮಾಡದಿದ್ದರೇ ನಿಮಗೆ 2,750 ರೂ. ಲಾಭ. ಇಲ್ಲ, ನನಗೆ ಎಲ್ಲ ಹೊಸ ಬಿಡಿಭಾಗವೇ ಬೇಕು, ಶೋರೂಮಿನಲ್ಲೇ ಆಗಬೇಕು ಎಂದರೆ ಉತ್ತರ ತಿರುಗುತ್ತದೆ. ಅಲ್ಲಿ ಕ್ಲೇಮ್ ಇಲ್ಲದೆ 10,400 ಪೂರ್ತಿ ನಿಮ್ಮದೇ. ಕ್ಲೇಮ್ ಮಾಡಿದರೆ 2,850 ಉಳಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಬೆಂಡಾದ ಕ್ರ್ಯಾಶ್ ಗಾರ್ಡ್ ನೇರ ಮಾಡಿಸುವುದು, ಟ್ಯಾಂಕಿನ ಡೆಂಟ್ ಎತ್ತಿ ಬಣ್ಣ ಹೊಡೆಸುವುದು, ಇಂಡಿಕೇಟರ್, ಕನ್ನಡಿ, ಲಿವರ್ ಬದಲಿಸುವುದು, ಇಷ್ಟಕ್ಕೆ ಒಳ್ಳೆಯ ಮೆಕ್ಯಾನಿಕ್ ಸಾಕು. ದಾವಣಗೆರೆಯಲ್ಲಿ ಕೈ ಪಳಗಿದ ಟಿಂಕರಿಂಗ್‌ನವರಿಗೆ ಕೊರತೆ ಇಲ್ಲ. ಹ್ಯಾಂಡಲ್ ಬಾರ್ ಮಾತ್ರ ಬಗ್ಗಿಸಿ ನೇರ ಮಾಡಿಸಬೇಡಿ, ಹೊಸದೇ ಹಾಕಿಸಿ. 4,800ರಲ್ಲಿ ಅದು ಸೇರಿದೆಯಾ ಎಂದು ಕೇಳಿಕೊಳ್ಳಿ. ಸೇರಿಲ್ಲದಿದ್ದರೆ 1,400 ಕೂಡಿಸಿದರೂ 6,200. ಆಗಲೂ ಹೊರಗೇ ಅಗ್ಗ.

ಆದರೆ ಇದೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ. ಎಸ್ಟಿಮೇಟ್‌ನಲ್ಲಿ ಇರುವಷ್ಟೇ ಏಟು ಬಿದ್ದಿರಬೇಕು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಹ್ಯಾಂಡಲ್ ಲಾಕ್ ಮಾಡಿ’ ಎನ್ನುವ ಮಾತಿನ ಮೇಲೆ. ಲಾಕ್ ಆಗಿರುವ ಗಾಡಿಗೆ ಗುದ್ದಿದರೆ ಹ್ಯಾಂಡಲ್ ತಿರುಗಿ ಏಟನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆ ಬಲ ಲಾಕಿನ ಪಿನ್ನಿಗೆ, ಹ್ಯಾಂಡಲ್ಲನ್ನೂ ಫೋರ್ಕನ್ನೂ ಸೇರಿಸುವ ಟೀ ಸ್ಟೆಮ್ಮಿಗೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಹೋಗುತ್ತದೆ. ಶೋರೂಮಿನ ಎಸ್ಟಿಮೇಟ್‌ನಲ್ಲಿ ಇವುಗಳ ಹೆಸರೇ ಇಲ್ಲ. ಹೊರಗೆ ಕಾಣುವುದನ್ನು ಮಾತ್ರ ಬರೆದಿದ್ದಾರೆ.

ಆದ್ದರಿಂದ ಬಿಚ್ಚುವ ಮುಂಚೆ ಇದನ್ನು ನೋಡಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎದುರಿಗೆ ಎರಡು ಮಾರು ದೂರ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿ. ಮುಂದಿನ ಚಕ್ರ ನೇರ ಇದ್ದಾಗ ಎರಡೂ ಫೋರ್ಕ್ ನಳಿಗೆಗಳು ಒಂದಕ್ಕೊಂದು ಸಮಾನವಾಗಿ ಇಳಿಯಬೇಕು. ಒಂದು ಉಕ್ಕಿನ ಸ್ಕೇಲನ್ನು ಹೊಳೆಯುವ ನಳಿಗೆಯ ಮೇಲೆ ಉದ್ದಕ್ಕೆ ಒತ್ತಿ ಹಿಡಿದು, ಹಿಂದಿನಿಂದ ಟಾರ್ಚ್ ಬಿಡಿ. ಸ್ಕೇಲಿಗೂ ನಳಿಗೆಗೂ ನಡುವೆ ಬೆಳಕಿನ ಗೆರೆ ಕಂಡರೆ ನಳಿಗೆ ಬೆಂಡಾಗಿದೆ. ಸುತ್ತಲೂ ನಾಲ್ಕು ಕಡೆ ಹೀಗೆ ಇಟ್ಟು ನೋಡಬೇಕು, ಒಂದು ಕಡೆ ಬೆಂಡು ಕಾಣದೆ ಇರಬಹುದು. ಆಮೇಲೆ ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ಕೊನೆಯವರೆಗೆ ನಿಧಾನವಾಗಿ ತಿರುಗಿಸಿ. ಮಧ್ಯದಲ್ಲಿ ಎಲ್ಲಾದರೂ ಕಚ್ಚಿದ ಹಾಗೆ ಆದರೆ ಸ್ಟೀರಿಂಗ್ ಬೇರಿಂಗ್ ಏಟು ತಿಂದಿದೆ. ಕೊನೆಯಲ್ಲಿ ಸೈಡ್ ಸ್ಟ್ಯಾಂಡ್ ಫ್ರೇಮಿಗೆ ಸೇರುವ ಬೆಸುಗೆ ನೋಡಿ. ಸ್ಟ್ಯಾಂಡ್ ಮೇಲೆ ನಿಂತ ಗಾಡಿಯನ್ನು ಬಲಗಡೆಯಿಂದ ತಳ್ಳಿದಾಗ ಇಡೀ ಭಾರ ಆ ಬೆಸುಗೆಯ ಮೇಲೆ ಬೀಳುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಬಣ್ಣ ಸೀಳಿ ಗೊತ್ತಾಗುತ್ತದೆ.

ಇವುಗಳಲ್ಲಿ ಒಂದಾದರೂ ಕೆಟ್ಟಿದ್ದರೆ ನನ್ನ ಸಲಹೆ ಪೂರ್ತಿ ಬದಲಾಗುತ್ತದೆ. ಉದಾಹರಣೆಗೆ ಫೋರ್ಕ್ ಭಾಗಕ್ಕೆ 9,000, ಅದರ ಕೂಲಿಗೆ 2,000 ಹೆಚ್ಚಾಯಿತು ಎಂದುಕೊಳ್ಳಿ. ಕಂಪನಿ ಕೊಡುವುದು 14,150ಕ್ಕೆ ಏರುತ್ತದೆ, ಏಕೆಂದರೆ ಇಲ್ಲಿ ಹೆಚ್ಚಾದದ್ದು ಲೋಹ ಮತ್ತು ಕೂಲಿ. ಬೋನಸ್ ನಷ್ಟ ಅದೇ 2,550, ಅದು ಬಿಲ್ಲಿನ ಜೊತೆ ಬೆಳೆಯುವುದಿಲ್ಲ. ನಿಮ್ಮ ಒಟ್ಟು ಖರ್ಚು 9,800 ಆಗುತ್ತದೆ. ಅದೇ ಕೆಲಸವನ್ನು ಹೊಸ ಫೋರ್ಕ್ ಹಾಕಿ ಹೊರಗೆ ಮಾಡಿಸಿದರೆ ಇದಕ್ಕಿಂತ ಬಹಳ ಜಾಸ್ತಿ. ಆಗ ಹಿಂದೆ ಮುಂದೆ ನೋಡದೆ ಕ್ಲೇಮ್ ಮಾಡಿ. ಬೆಂಡಾದ ಫೋರ್ಕನ್ನು ಪ್ರೆಸ್ಸಿನಲ್ಲಿ ಒತ್ತಿಸಿ ಅದನ್ನೇ ಹಾಕುವವರು ಇದ್ದಾರೆ. ಅದಕ್ಕೆ ಮಾತ್ರ ಒಪ್ಪಬೇಡಿ. 350 ಸಿಸಿ ಗಾಡಿ, ಹೈವೇಯಲ್ಲಿ ಬ್ರೇಕ್ ಹಿಡಿದಾಗ ಎಲ್ಲ ಭಾರ ಮುಂದಕ್ಕೆ ಬರುತ್ತದೆ. ನಾಲ್ಕು ಕಾಸು ಉಳಿಸುವ ಜಾಗ ಅದಲ್ಲ.

ಈ ಪರೀಕ್ಷೆಯನ್ನು ಇವತ್ತು ನಾಳೆಯೊಳಗೆ ಮುಗಿಸಿ. ಹಾನಿಯಾದ ಕೂಡಲೇ ತಿಳಿಸಬೇಕು ಎನ್ನುವುದು ಪಾಲಿಸಿಯ ಷರತ್ತು. ತಿಂಗಳು ಬಿಟ್ಟು ಹೋದರೆ ಪ್ರಶ್ನೆಗಳು ಶುರುವಾಗುತ್ತವೆ. ಮೊದಲೇ ರಿಪೇರಿ ಮಾಡಿಸಿ ಆಮೇಲೆ ಬಿಲ್ ಹಿಡಿದು ಹೋಗುವುದೂ ಬೇಡ. ಗಾಡಿ ಏಟು ಬಿದ್ದ ಸ್ಥಿತಿಯಲ್ಲಿ ಇರುವಾಗಲೇ ಸರ್ವೇಯರ್ ನೋಡಬೇಕು, ಅಥವಾ ಕಂಪನಿ ಆ್ಯಪಿನಲ್ಲಿ ವಿಡಿಯೋ ಕೇಳಿದರೆ ಕಳಿಸಬೇಕು. ಬಿದ್ದ ಜಾಗ, ನೆಲದ ಮೇಲಿನ ಗಾಜಿನ ಚೂರು, ನಂಬರ್ ಪ್ಲೇಟ್ ಕಾಣುವ ಹಾಗೆ ಇಡೀ ಗಾಡಿ, ಪ್ರತಿ ಏಟಿನ ಹತ್ತಿರದ ಫೋಟೋ, ಇವನ್ನು ಈಗಲೇ ತೆಗೆದಿಡಿ. ಕ್ಲೇಮ್ ದಾಖಲಿಸಿದ ಮೇಲೆ ಬೇಡ ಎನಿಸಿದರೆ ವಾಪಸ್ ತಗೊಳ್ಳಬಹುದು. ಆದರೆ ಹಣ ಪಾವತಿ ಇಲ್ಲದೆ ಮುಚ್ಚಲಾಗಿದೆ, ಬೋನಸ್ಸಿಗೆ ತೊಂದರೆ ಇಲ್ಲ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಕಾಲ್ ಸೆಂಟರಿನ ಬಾಯಿಮಾತು ಸಾಲದು. ಮತ್ತೆ, ಕ್ಲೇಮ್ ತಗೊಂಡ ಮೇಲೆ ಬೇರೆ ಕಂಪನಿಗೆ ಹೋಗಿ ‘ಕ್ಲೇಮ್ ಇಲ್ಲ’ ಎಂದು ಬೋನಸ್ ಪಡೆಯುವ ಯೋಚನೆ ಯಾರೂ ಮಾಡಬೇಡಿ. ಹೊಸ ಕಂಪನಿ ಹಳೆಯದನ್ನು ಕೇಳಿ ಖಚಿತ ಮಾಡಿಕೊಳ್ಳುತ್ತದೆ. ಆಗ ಮುಂದಿನ ದೊಡ್ಡ ಕ್ಲೇಮೇ ಕೈ ತಪ್ಪುತ್ತದೆ.

ಗುದ್ದಿದವನು ಸಿಕ್ಕರೆ? ಆ ಬೀದಿಗೆ ರಾತ್ರಿ ಬರುವ ಗೂಡ್ಸ್ ಗಾಡಿಗಳು ಎಷ್ಟಿರುತ್ತವೆ, ಅಕ್ಕಪಕ್ಕದ ಅಂಗಡಿಗೆ ಮಾಲು ಇಳಿಸಲು ಬಂದದ್ದಾಗಿದ್ದರೆ ಪತ್ತೆ ಹಚ್ಚುವುದು ಕಷ್ಟ ಅಲ್ಲ. ಕಾನೂನಿನ ಪ್ರಕಾರ ಅವನ ಗಾಡಿಯ ಥರ್ಡ್ ಪಾರ್ಟಿ ಪಾಲಿಸಿ ನಿಮ್ಮ ನಷ್ಟ ತುಂಬಬೇಕು. ಗೂಡ್ಸ್ ಗಾಡಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ಬೇರೆಯವರ ಆಸ್ತಿ ಹಾನಿಯ ರಕ್ಷಣೆ ಇರುತ್ತದೆ. ಆದರೆ ಅದಕ್ಕೆ ಪೊಲೀಸ್ ದೂರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ವಕೀಲರು ಬೇಕು. 10,000 ರೂ.ಗೆ ಆ ದಾರಿ ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. ದೃಶ್ಯ ತೋರಿಸಿ ಮಾಲೀಕನ ಹತ್ತಿರ ನೇರವಾಗಿ ಮಾತಾಡಿ. 4,800 ಕೊಟ್ಟರೆ ನಿಮ್ಮ ಬೋನಸ್ಸೂ ಉಳಿಯಿತು, ಜೇಬೂ ಉಳಿಯಿತು. ಒಂದು ಎಚ್ಚರಿಕೆ: ‘ಇನ್ನು ನಮಗೆ ಯಾವ ತಕರಾರೂ ಇಲ್ಲ’ ಎಂದು ಸಹಿ ಹಾಕಿಕೊಟ್ಟು, ಆಮೇಲೆ ಅದೇ ಏಟಿಗೆ ನಿಮ್ಮ ಕಂಪನಿಯಲ್ಲಿ ಕ್ಲೇಮ್ ಮಾಡುವಂತಿಲ್ಲ. ಹಾಗಾಗಿ ಫೋರ್ಕ್ ಪರೀಕ್ಷೆ ಮುಗಿಯುವವರೆಗೆ ಯಾವ ಕಾಗದಕ್ಕೂ ಸಹಿ ಬೇಡ.

ನಿಲ್ಲಿಸಿದ್ದ ಗಾಡಿಯ ಬೇರೆ ಕಷ್ಟಗಳ ಬಗ್ಗೆಯೂ ಬಹಳ ಜನ ಕೇಳುತ್ತಾರೆ, ಚುಟುಕಾಗಿ ಹೇಳಿಬಿಡುತ್ತೇನೆ. ಮಳೆಗಾಲದ ಮುಂಚಿನ ಗಾಳಿಗೆ ಕೊಂಬೆ ಬಿದ್ದರೆ ಬಹುತೇಕ ಕ್ಲೇಮ್ ಮಾಡುವಷ್ಟೇ ಹಾನಿ ಆಗಿರುತ್ತದೆ. ಪಾಲಿಕೆಯವರು ಬಂದು ಕೊಂಬೆ ಕತ್ತರಿಸುವ ಮುಂಚೆ ಫೋಟೋ ತೆಗೆಯಿರಿ. ಬೇಸ್‌ಮೆಂಟಿಗೆ ನೀರು ನುಗ್ಗಿ ಗಾಡಿ ಮುಳುಗಿದ್ದರೆ ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಬೇಡಿ. ನೀರು ನುಗ್ಗಿದ್ದಕ್ಕೆ ರಕ್ಷಣೆ ಇದೆ. ಆದರೆ ನೀರಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಕೆಡಿಸಿದ್ದು ಬೇರೆ ಹಾನಿ ಎಂದು ಕಂಪನಿ ತಕರಾರು ತೆಗೆಯುತ್ತದೆ. ಹಾಕಿಸಿದ ಆಕ್ಸೆಸರಿ ಮಾತ್ರ ಕಳುವಾದರೆ ಏನೂ ಬರುವುದಿಲ್ಲ. ಗಾಡಿಯ ಜೊತೆಗೆ ಕಳುವಾಗಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಯಾರೋ ಸೀಟಿಗೆ ಬ್ಲೇಡ್ ಹಾಕಿದರೆ ಅದು ದುರುದ್ದೇಶದ ಹಾನಿ, ರಕ್ಷಣೆ ಇದೆ. ಆದರೆ ರೆಕ್ಸಿನ್‌ಗೆ ಅರ್ಧ ಕಡಿತವಾಗಿ ಉಳಿಯುವ ಇನ್ನೂರು ಮುನ್ನೂರಕ್ಕೆ ಬೋನಸ್ ಕಳೆದುಕೊಳ್ಳಬೇಡಿ. ಪಕ್ಕದ ಗಾಡಿಗೆ ಬೆಂಕಿ ಬಿದ್ದು ನಿಮ್ಮದಕ್ಕೂ ಹತ್ತಿದ್ದರೆ ಅಗ್ನಿಶಾಮಕದವರ ವರದಿ, ಪೊಲೀಸ್ ದೂರು ಎರಡನ್ನೂ ಮಾಡಿಸಿ, ಪೂರ್ತಿ ಕ್ಲೇಮ್ ಮಾಡಿ.

ಕ್ಲೇಮ್ ಮಾಡಿದ ಮೇಲೆ ಕಂಪನಿ ಅನ್ಯಾಯವಾಗಿ ತಿರಸ್ಕರಿಸಿದರೆ ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಈ ಸಲ ಕ್ಲೇಮ್ ಮಾಡಿದರೂ, ಬಿಟ್ಟರೂ, ಮುಂದಿನ ರಿನ್ಯೂವಲ್‌ನಲ್ಲಿ ಎರಡು ಕೆಲಸ ಮಾಡಿ. 125 ರೂ. ಆಸೆಗೆ ಹಾಕಿರುವ ಆ ವಾಲಂಟರಿ ಡಿಡಕ್ಟಿಬಲ್ ತೆಗೆಸಿ. ಕ್ರ್ಯಾಶ್ ಗಾರ್ಡಿನ ಬಿಲ್ ಹುಡುಕಿ ತೆಗೆದು ಆಕ್ಸೆಸರಿ ಕಾಲಂನಲ್ಲಿ ಬರೆಸಿ. ಪಾಲಿಸಿಯ ಅವಧಿ ಮುಗಿಯುವ ಮುಂಚೆಯೇ ಕಟ್ಟಿಬಿಡಿ. 90 ದಿನ ದಾಟಿದರೆ ಈಗ ಉಳಿಸಿಕೊಂಡ ಬೋನಸ್ ಯಾವ ಕ್ಲೇಮೂ ಇಲ್ಲದೆ ಹೋಗಿಬಿಡುತ್ತದೆ. ಫೋರ್ಕ್ ನೋಡಿಸಿದ ಮೇಲೆ ಏನು ಕಂಡಿತು ಎಂದು ಬರೆಯಿರಿ. ಬೆಂಡು ಇದೆ ಎಂದರೆ ಕ್ಲೇಮ್ ಫಾರಂ ತುಂಬುವುದಕ್ಕೆ ನಾನೇ ಸಹಾಯ ಮಾಡುತ್ತೇನೆ.